ಒಂದು ಸೀಸೆಯ ಕಳಂಕ: ಪ್ಲೇಗಿಗೆ ಮದ್ದು ಕಂಡ ಹಾಫ್‌ಕಿನ್ನರ ಜೀವನ

ನಾಸಿಕದ ಅಂಬಡ್ ಕೈಗಾರಿಕಾ ವಸಾಹತಿನಲ್ಲಿ ಔಷಧಗಳನ್ನು ತಯಾರಿಸುವ ಕಾರ್ಖಾನೆಗಳಿವೆ. ಪಾಳಿ ಬಿಡುವ ಹೊತ್ತಿಗೆ ಕಾರ್ಮಿಕರಿಗೆ ಚಹಾ ಉಪಾಹಾರಗಳನ್ನೊದಗಿಸುವ ಹೋಟೆಲುಗಳಲ್ಲಿ ನಮ್ಮ ನಾಡಿನಿಂದ ಬಂದ ಬಂಧುಗಳು ದುಡಿಯುತ್ತಿದ್ದಾರೆ. ಗುಳಿಗೆಗಳು ಹುಟ್ಟುವ ಆ ಊರಿನಲ್ಲಿಯೇ ಗುಳಿಗೆಗಳ ವಿಷಯದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳನ್ನು ನಾವು ಕಂಡಿದ್ದೇವೆ. ಮೈ ಬಿಸಿಯಾದೊಡನೆ ಅಂಗಡಿಯಿಂದ ಹೆಸರು ಕಾಣದಂತೆ ಕತ್ತರಿಸಿ ಕೊಟ್ಟ ಎರಡು ಗುಳಿಗೆಗಳನ್ನು ತಂದು, ಏನು ಎಂತು ಎಂದು ವಿಚಾರಿಸದೆ ನುಂಗಿ ಮತ್ತೆ ಒಲೆಯ ಮುಂದೆ ನಿಲ್ಲುವವರು ಕೆಲವರು. ಮದ್ದು ತೆಗೆದುಕೊಂಡ ದಿನ ಒಮ್ಮೆ ವಾಂತಿಯಾಯಿತೆಂದೋ ಮೈ ನವೆಯಾಯಿತೆಂದೋ ಉಳಿದುದನ್ನೆಲ್ಲ ಎಸೆದು, ವೈದ್ಯರಿಗೂ ತಿಳಿಸದೆ, ಇನ್ನು ಇಂಗ್ಲಿಷ್ ಮದ್ದಿನ ಸಹವಾಸವೇ ಬೇಡವೆಂದು ನಿಶ್ಚಯಿಸುವವರು ಮತ್ತೆ ಕೆಲವರು. ಮದ್ದಿನಿಂದ ಕೇಡೇ ಇಲ್ಲವೆಂಬುದು ಮೊದಲಿನವರ ನಂಬಿಕೆ, ಕೇಡೇ ಎಲ್ಲವೆಂಬುದು ಎರಡನೆಯವರದು. ಈ ಇಬ್ಬರಿಗೂ ತಿಳಿದಿರಬೇಕಾದ ಒಂದು ಜೀವನಕಥೆಯನ್ನು ಇಂದು ನಮ್ಮ ವಾಚಕರ ಮುಂದಿಡುತ್ತಿದ್ದೇವೆ.

ಮುಂಬಯಿಯ ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ಕೇಳದ ಮುಂಬಯಿವಾಸಿ ಇರಲಾರನು. ಆದರೆ ಆ ಹೆಸರಿನ ಮನುಷ್ಯನು ಯಾರು, ಎಲ್ಲಿಂದ ಬಂದನು, ನಮ್ಮ ದೇಶಕ್ಕೆ ಏನು ಕೊಟ್ಟನು, ಪ್ರತಿಯಾಗಿ ಏನು ಪಡೆದನು ಎಂಬುದು ಬಹುಮಂದಿಗೆ ತಿಳಿಯದು.

ಒಡೆಸ್ಸಾದಿಂದ ಪ್ಯಾರಿಸಿಗೆ

ವಾಲ್ಡೆಮಾರ್ ಹಾಫ್‌ಕಿನ್ನರು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ ಒಂದು ಯೆಹೂದಿ ಕುಟುಂಬದಲ್ಲಿ ಜನಿಸಿದರು. ಆಗ ಆ ನಗರವು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಯೆಹೂದಿಗಳಿಗೆ ಅಲ್ಲಿ ಸುಖವಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಹಾಫ್‌ಕಿನ್ನರು ಚಕ್ರವರ್ತಿಯ ವಿರೋಧಿಗಳ ಕೂಟದಲ್ಲಿ ಸೇರಿದರು. ತಮ್ಮ ಜನರ ಮೇಲೆ ದೊಂಬಿ ಬಿದ್ದಾಗ ರಕ್ಷಣೆಗೆ ನಿಂತು ಸೆರೆಯನ್ನೂ ಕಂಡರು. ಅವರ ಗುರುಗಳಾಗಿದ್ದವರು ಮುಂದೆ ಜಗದ್ವಿಖ್ಯಾತರಾದ ಇಲ್ಯಾ ಮೆಚ್ನಿಕಾಫ್. ಗುರುಗಳ ನೆರವಿನಿಂದ ಬಿಡುಗಡೆ ದೊರೆಯಿತು. ಪ್ರಾಣಿಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದರೂ ಯೆಹೂದಿಯಾದ ಕಾರಣ ವಿಶ್ವವಿದ್ಯಾಲಯದಲ್ಲಿ ಮುಂದಿನ ದಾರಿ ಮುಚ್ಚಿತ್ತು. 1888ರಲ್ಲಿ ಅವರು ತಾಯ್ನಾಡನ್ನು ತೊರೆದು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಮೊದಲು ಸಿಕ್ಕಿದುದು ವಿಜ್ಞಾನಿಯ ಕೆಲಸವಲ್ಲ, ಪುಸ್ತಕ ಭಂಡಾರದ ಕೆಲಸ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳದಲ್ಲಿ ದೊರೆತ ಕೆಲಸವನ್ನು ಕೈಹಿಡಿದು ಮೇಲೆ ಬರುವುದು ಹೇಗೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಹಾಫ್‌ಕಿನ್ನರು ಹಗಲು ಪುಸ್ತಕಗಳನ್ನು ನೋಡಿಕೊಳ್ಳುತ್ತ, ಬಿಡುವಿನ ವೇಳೆಯಲ್ಲಿ ಸೂಕ್ಷ್ಮಜೀವಿಗಳನ್ನು ಅಭ್ಯಸಿಸುತ್ತ ಕಾಲರಾ ರೋಗಕ್ಕೆ ಒಂದು ಲಸಿಕೆಯನ್ನು ಸಿದ್ಧಪಡಿಸಿದರು. 1892ನೆಯ ಜುಲೈ 18ರಂದು ಅದನ್ನು ಮೊಟ್ಟಮೊದಲು ಚುಚ್ಚಿಕೊಂಡುದು ತಮ್ಮ ಮೈಗೇ. ಜ್ವರ ಬಂದಿತು, ಚುಚ್ಚಿದ ಜಾಗ ನೋಯಿತು. ಕೆಲವು ದಿನಗಳಲ್ಲಿ ಎರಡೂ ಶಮನವಾದವು. ಆ ಜ್ವರವೆಷ್ಟು, ನೋವೆಷ್ಟು ಕಾಲ ಎಂಬುದನ್ನು ಅವರು ಬರೆದಿಟ್ಟು ವಿದ್ವಾಂಸರ ಸಭೆಗೆ ಒಪ್ಪಿಸಿದರು. ಮದ್ದಿನ ಗುಣದ ಜೊತೆಗೆ ಅದರ ಕಾಟವನ್ನೂ ಮುಚ್ಚಿಡದೆ ಹೇಳುವ ಈ ಅಭ್ಯಾಸವು ಅವರಲ್ಲಿ ಕೊನೆಯವರೆಗೂ ಉಳಿಯಿತು.

ಭಾರತಕ್ಕೆ ಆಗಮನ

1893ರಲ್ಲಿ ಹಾಫ್‌ಕಿನ್ನರು ಕಲಕತ್ತೆಗೆ ಬಂದರು. ಪರದೇಶಿಯೊಬ್ಬನು ಸೂಜಿ ಹಿಡಿದು ಬಂದರೆ ಜನ ನಂಬುವರೇ? ಬಡವರ ಕೇರಿಯಲ್ಲಿ ಜನರು ಕಲ್ಲೆಸೆದರು. ಬಂಗಾಲಿ ವೈದ್ಯರು ಅವರ ಜೊತೆಗೆ ನಿಂತು, ಜನರ ಭಾಷೆಯಲ್ಲಿ ತಿಳಿಯಹೇಳಿದ ಮೇಲೆ ಬಾಗಿಲುಗಳು ತೆರೆದವು. 1894ರಲ್ಲಿ ಕಟ್ಟಲ್ ಬಗಾನ್ ಎಂಬ ಕೇರಿಯಲ್ಲಿ ಸುಮಾರು ಇನ್ನೂರು ಮಂದಿಯಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ತಗಲಿದವರೆಲ್ಲರೂ ಹಾಕಿಸಿಕೊಳ್ಳದೆ ಉಳಿದವರೇ ಆಗಿದ್ದರು. ಎರಡು ವರ್ಷಗಳಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಲಸಿಕೆ ಹಾಕಿಸಿ, ಮಲೇರಿಯಾದಿಂದ ಸೊರಗಿ ಅವರು ಯೂರೋಪಿಗೆ ಮರಳಿದರು. ಚೇತರಿಸಿಕೊಂಡು 1896ರಲ್ಲಿ ಪುನಃ ಬಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಪ್ಲೇಗನ್ನು ಗುರುತಿಸಿದ್ದರು.

ಆ ಪ್ಲೇಗಿನ ದಿನಗಳನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಇಲಿ ಸತ್ತುಬಿದ್ದರೆ ಮನೆಗೆ ಮನೆಯೇ ಬಯಲಿಗೆ ಓಡುತ್ತಿತ್ತು. ಪುಣೆಯಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು 1897ರ ಮಾರ್ಚ್ 10ರಂದು ಪ್ಲೇಗಿಗೆ ಬಲಿಯಾದರು. ಸೈನಿಕರು ಮನೆಗಳನ್ನು ಹೊಕ್ಕು ರೋಗಿಗಳನ್ನು ಹುಡುಕಿ ಎಳೆದೊಯ್ಯುವ ಕ್ರಮದಿಂದ ಜನರ ರೋಷ ಹೆಚ್ಚಿ, ಅದೇ ವರ್ಷ ಜೂನಿನಲ್ಲಿ ಅಧಿಕಾರಿ ರ‍್ಯಾಂಡನ ಕೊಲೆಯಾಯಿತು. ಸರಕಾರದ ಮದ್ದೆಂದರೆ ಜನರು ಬೆಚ್ಚುವ ಕಾಲವದು.

ಒಬ್ಬ ಗುಮಾಸ್ತ, ಮೂವರು ಜವಾನರು

ಇಂಥ ಕಾಲದಲ್ಲಿ, 1896ರ ಅಕ್ಟೋಬರಿನಲ್ಲಿ, ಹಾಫ್‌ಕಿನ್ನರು ಮುಂಬಯಿಗೆ ಬಂದಿಳಿದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ ಮತ್ತು ಒಂದು ಓಣಿ ಅವರಿಗೆ ದೊರೆತ ಪ್ರಯೋಗಶಾಲೆ. ಸಿಬ್ಬಂದಿಯೆಂದರೆ ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಆ ನಾಲ್ವರ ಹೆಸರುಗಳು ಲೋಕಪ್ರಸಿದ್ಧವಾಗಲಿಲ್ಲ. ಆದರೆ ಕೋಟ್ಯಂತರ ಜನರಿಗೆ ಸಂಬಂಧಿಸಿದ ಆ ಕಾರ್ಯದಲ್ಲಿ ಒಬ್ಬ ಗುಮಾಸ್ತನ ಲೇಖನಿಯೂ ಮೂವರು ಜವಾನರ ತೋಳುಗಳೂ ಪಾಲುಗೊಂಡಿದ್ದವೆಂಬುದನ್ನು ನಮ್ಮ ವಾಚಕರು ಅಭಿಮಾನದಿಂದ ನೆನೆಯಬಹುದು.

ಅವರು ಅನುಸರಿಸಿದ ವಿಧಾನವೂ ಸ್ವಾರಸ್ಯಕರವಾದುದು. ಮಾಂಸದ ಸಾರಿನಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬೆಳೆಸುವಾಗ ಅದರ ಮೇಲೆ ತುಪ್ಪದ ಹನಿಗಳನ್ನು ತೇಲಬಿಡುತ್ತಿದ್ದರು. ತುಪ್ಪದ ಹನಿಯ ಅಡಿಯಿಂದ ಕ್ರಿಮಿಗಳು ಬಿಳಲುಗಳಂತೆ ಕೆಳಕ್ಕೆ ಇಳಿಬಿದ್ದು ಬೆಳೆಯುತ್ತಿದ್ದವು. ಸೀಸೆಯನ್ನು ಮೆಲ್ಲನೆ ಅಲುಗಿಸಿದರೆ ಅವು ತಳಕ್ಕೆ ಬಿದ್ದು ಮತ್ತೆ ಹೊಸ ಬೆಳೆ ಬರುತ್ತಿತ್ತು. ಅನಂತರ ಅದನ್ನು ಒಂದು ಗಂಟೆಯ ಕಾಲ ಬಿಸಿಮಾಡಿ ಕ್ರಿಮಿಗಳನ್ನು ಕೊಂದು, ಬೇರೆ ಕ್ರಿಮಿಗಳು ಹುಟ್ಟದಂತೆ ತುಸು ಕಾರ್ಬಾಲಿಕ್ ಆಮ್ಲವನ್ನು ಬೆರೆಸುತ್ತಿದ್ದರು. ಸತ್ತ ಕ್ರಿಮಿಯು ರೋಗವನ್ನು ತರಲಾರದು, ಆದರೆ ರೋಗವನ್ನು ಎದುರಿಸಲು ಮೈಯನ್ನು ಎಚ್ಚರಿಸಬಲ್ಲದು ಎಂಬುದೇ ಅದರ ತತ್ತ್ವ.

1897ರ ಜನವರಿ 10ರಂದು ಹಾಫ್‌ಕಿನ್ನರು ಈ ಲಸಿಕೆಯನ್ನೂ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು; ಅದೂ ಮುಂದೆ ಜನರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಹೆಚ್ಚಿನದನ್ನು. ತೀವ್ರ ಜ್ವರ, ತಾಳಲಾರದ ನೋವು ಕಾಣಿಸಿಕೊಂಡವು. ಅವರು ಕೆಲಸವನ್ನು ನಿಲ್ಲಿಸಲಿಲ್ಲ. ಆ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ತಲೆದೋರಿದಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ತಗಲಿ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ರೋಗ ತಗಲಿದವರು ಇಬ್ಬರು, ಇಬ್ಬರೂ ಬದುಕಿದರು. ಎರಡು ಗುಂಪುಗಳೂ ಒಂದೇ ಸೆರೆಮನೆಯಲ್ಲಿ ಒಂದೇ ಅನ್ನ ಉಂಡವರಾದುದರಿಂದ ಈ ಲೆಕ್ಕಕ್ಕೆ ಬೆಲೆ ಬಂದಿತು.

ಹುಬ್ಬಳ್ಳಿಯ ನಂಬಿಕೆ

ಪ್ಲೇಗು ರೈಲುದಾರಿಗಳನ್ನು ಹಿಡಿದು ನಮ್ಮ ಕನ್ನಡ ನಾಡನ್ನೂ ಹೊಕ್ಕಿತು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗುಗಳು ನಲುಗಿದವು. ಅದೇ ವರ್ಷ ಬೆಂಗಳೂರಿಗೂ ಅದು ಬಂದಿತು. ಜನರು ಪ್ಲೇಗಮ್ಮನ ಗುಡಿಗಳನ್ನು ಕಟ್ಟಿ ಹರಕೆ ಹೊತ್ತರು. ಹುಬ್ಬಳ್ಳಿಯಲ್ಲಿ ರೈಲಿನ ಕಾರಖಾನೆ, ಹತ್ತಿಯ ಗಿರಣಿಗಳಿದ್ದು ದುಡಿಯುವ ಜನರು ಬಹಳವಿದ್ದರು. ಅಲ್ಲಿ ನಡೆದ ಲಸಿಕೆಯ ಕಾರ್ಯವು ಲೋಕದ ಗಮನವನ್ನು ಸೆಳೆಯಿತು. ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರು ತೋಳು ಚಾಚಿದರು. ಅಲ್ಲಿನ ವೈದ್ಯಾಧಿಕಾರಿಗಳು ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಉಳಿದವರಲ್ಲಿ ಎಷ್ಟು ಎಂದು ವಾರವಾರದ ಲೆಕ್ಕವನ್ನು ಬರೆದಿಟ್ಟರು. ಲಸಿಕೆಯು ಸಾವನ್ನು ಬಹುವಾಗಿ ತಗ್ಗಿಸಿತೆಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಹಾಫ್‌ಕಿನ್ನರ ಕೀರ್ತಿಯ ಅಡಿಗಲ್ಲುಗಳಲ್ಲಿ ಒಂದು ನಮ್ಮ ಹುಬ್ಬಳ್ಳಿಯದು ಎಂದರೆ ತಪ್ಪಾಗದು.

ಆದರೆ ಆ ಲಸಿಕೆಯು ಸುಖದ ವಸ್ತುವಾಗಿರಲಿಲ್ಲ. ಹಾಕಿಸಿಕೊಂಡ ದಿನವೇ ಮೈ ಕಾಯುತ್ತಿತ್ತು, ತೋಳು ಬಾತುಕೊಳ್ಳುತ್ತಿತ್ತು, ಒಂದೆರಡು ದಿನ ಕೂಲಿ ತಪ್ಪುತ್ತಿತ್ತು. ಮುಂಚಿತವಾಗಿ ಇದನ್ನು ತಿಳಿದವರು ಸಹಿಸಿಕೊಂಡರು. ತಿಳಿಯದವರು ತಮಗೆ ಪ್ಲೇಗನ್ನೇ ಚುಚ್ಚಿದರೆಂದು ಹೆದರಿದರು. ಔಷಧವು ತನ್ನ ಕೆಲಸವನ್ನು ಮಾಡುವಾಗ ಜೊತೆಗೆ ಉಂಟುಮಾಡುವ ಇಂಥ ಬಾಧೆಗಳನ್ನೇ ವೈದ್ಯರು ಅಡ್ಡ ಪರಿಣಾಮಗಳೆಂದು ಕರೆಯುತ್ತಾರೆ. ಲಸಿಕೆಯು ಎಲ್ಲರನ್ನೂ ಕಾಪಾಡಲಿಲ್ಲವೆಂಬುದನ್ನೂ ಮರೆಯಬಾರದು. ಬರೋಡೆಯ ಸಮೀಪದ ಉಂಧೇರಾ ಗ್ರಾಮದಲ್ಲಿ 1898ರಲ್ಲಿ ಪ್ರತಿ ಕುಟುಂಬದಲ್ಲೂ ಸುಮಾರು ಅರ್ಧ ಜನರಿಗೆ ಹಾಕಿ ನೋಡಿದಾಗ, ಹಾಕಿಸಿಕೊಂಡ 71 ಮಂದಿಯಲ್ಲಿ 3 ಮಂದಿ ಸತ್ತರು. ಹಾಕಿಸಿಕೊಳ್ಳದ 64 ಮಂದಿಯಲ್ಲಿ 26 ಮಂದಿ ಸತ್ತರು. ಮೂರು ಸಾವುಗಳನ್ನು ಹಾಫ್‌ಕಿನ್ನರು ಮುಚ್ಚಿಡಲಿಲ್ಲ. ಇಪ್ಪತ್ತಾರರ ಎದುರಿಗೆ ಮೂರನ್ನು ಇಟ್ಟು ತೂಗಿ ನೋಡಿರೆಂಬುದೇ ಅವರ ವಾದವಾಗಿತ್ತು.

ಖೋಜಾ ಸಮಾಜದ ಮುಖಂಡರಾದ ಆಗಾ ಖಾನರು ತಾವೇ ಲಸಿಕೆ ಹಾಕಿಸಿಕೊಂಡು ತಮ್ಮವರಿಗೆ ದಾರಿ ತೋರಿದರು. ತಮ್ಮ ಬಂಗಲೆಯನ್ನೂ ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು. 1899ರ ಆಗಸ್ಟಿನಲ್ಲಿ ಪ್ರಯೋಗಶಾಲೆಯು ಪರೇಲಿನ ಹಳೆಯ ಗವರ್ನರ ನಿವಾಸಕ್ಕೆ ಸ್ಥಳಾಂತರಗೊಂಡಿತು. ಅಲ್ಲಿಂದ ಲಕ್ಷಗಟ್ಟಲೆ ಸೀಸೆಗಳು ದೇಶದ ಮೂಲೆಮೂಲೆಗೆ ಹೊರಟವು.

ಮುಲ್ಕೋವಾಲಿನ ದುರಂತ

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಸುಮಾರು ಒಂದು ವಾರದ ಬಳಿಕ ಅವರಲ್ಲಿ 19 ಮಂದಿಗೆ ದವಡೆ ಕಚ್ಚಿಕೊಂಡು ಮೈ ಬಿಲ್ಲಿನಂತೆ ಬಾಗತೊಡಗಿತು. ಧನುರ್ವಾಯು! ಹತ್ತೊಂಬತ್ತು ಮಂದಿಯೂ ಅಸುನೀಗಿದರು. ಅವರೆಲ್ಲರಿಗೂ ಲಸಿಕೆ ಬಂದುದು ಒಂದೇ ಸೀಸೆಯಿಂದ. ಅದರ ಮೇಲಿದ್ದ ಗುರುತು 53 ಎನ್. ಉಳಿದ 88 ಮಂದಿಗೆ ಧನುರ್ವಾಯು ಬರಲಿಲ್ಲ.

ಪ್ಲೇಗು ಬಾರದಿರಲೆಂದು ನಂಬಿ ತೋಳು ಕೊಟ್ಟ ಹತ್ತೊಂಬತ್ತು ಜೀವಗಳು ಹೀಗೆ ಹೋದುವು. ದೇಶವೆಲ್ಲ ತಲ್ಲಣಿಸಿತು. ಪಂಜಾಬಿನಲ್ಲಿ ಭರದಿಂದ ಸಾಗಿದ್ದ ಲಸಿಕೆಯ ಕಾರ್ಯ ಕುಂಠಿತವಾಯಿತು. ಸರಕಾರವು ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಸರ್ ಲಾರೆನ್ಸ್ ಜೆಂಕಿನ್ಸರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಳಿಯನ್ನು ನೇಮಿಸಿತು. ಸೀಸೆಯು ಪರೇಲಿನಲ್ಲಿಯೇ, ಮುಚ್ಚಳ ತೆರೆಯುವುದಕ್ಕೆ ಮುಂಚೆಯೇ ಕಲುಷಿತವಾಗಿತ್ತೆಂದು ಮಂಡಳಿ ತೀರ್ಮಾನಿಸಿತು. ಲಸಿಕೆಯನ್ನು ಬೇಗನೆ, ಹೆಚ್ಚಾಗಿ ತಯಾರಿಸಬೇಕೆಂಬ ಒತ್ತಡದಲ್ಲಿ ಹಾಫ್‌ಕಿನ್ನರು ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಕೈಬಿಟ್ಟು ಹೊಸ ವಿಧಾನವನ್ನು ಹಿಡಿದಿದ್ದರು. ಅದನ್ನೇ ದೊಡ್ಡ ಅಪರಾಧವೆಂದು ಎತ್ತಿ ತೋರಿಸಲಾಯಿತು. ಅವರು ವೈದ್ಯರಲ್ಲ, ಇಂಗ್ಲಿಷರಲ್ಲ, ಯೆಹೂದಿ. ಅಧಿಕಾರಿವರ್ಗದಲ್ಲಿ ಅವರ ಪರವಾಗಿ ನಿಲ್ಲುವವರು ಕಡಿಮೆಯಿದ್ದರು. ಹುದ್ದೆಯಿಂದ ದೂರವಾಗಿ ಸಂಬಳವಿಲ್ಲದ ರಜೆಯ ಮೇಲೆ 1904ರಲ್ಲಿ ಅವರು ಲಂಡನ್ನಿಗೆ ಹೋದರು.

ಆದರೆ ಮುಲ್ಕೋವಾಲಿನಲ್ಲಿ ಆ ದಿನ ಇನ್ನೊಂದು ಸಂಗತಿ ನಡೆದಿತ್ತು. ಸೀಸೆಯ ಮುಚ್ಚಳವನ್ನು ತೆಗೆಯಬೇಕಾಗಿದ್ದ ಇಕ್ಕಳವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಹಿಡಿದು ಶುದ್ಧಿಮಾಡದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ತೆಗೆದು, ಅದರಿಂದಲೇ ಸೀಸೆಯನ್ನು ತೆರೆಯಲಾಗಿತ್ತು. ಧನುರ್ವಾಯುವಿನ ಕ್ರಿಮಿಗಳು ಇರುವುದು ಮಣ್ಣಿನಲ್ಲಿ. ಅವುಗಳ ಬೀಜಗಳು ಬಲು ಗಟ್ಟಿ. ಕ್ಷಣಕಾಲದ ಅದ್ದುವಿಕೆಯಿಂದ ಸಾಯುವಂಥವಲ್ಲ. ಸೀಸೆಯು ತಯಾರಾಗಿ ಆಗಲೇ ಒಂದು ತಿಂಗಳು ದಾಟಿದ್ದಿತು. ಪರೇಲಿನಲ್ಲಿಯೇ ಕ್ರಿಮಿ ಹೊಕ್ಕಿದ್ದರೆ ಅಷ್ಟು ಕಾಲದಲ್ಲಿ ಬೆಳೆದು ದುರ್ವಾಸನೆ ಹುಟ್ಟಿಸಬೇಕಾಗಿತ್ತು. ತೆರೆದ ವೈದ್ಯರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಸೀಸೆಯಲ್ಲಿ ವಿಷವು ತುಂಬಿದ್ದರೆ ರೋಗವು ಇನ್ನೂ ಬೇಗನೆ ಕಾಣಿಸಬೇಕಾಗಿತ್ತು. ಅದೂ ಆಗಿರಲಿಲ್ಲ.

ಈ ಅಂಶಗಳನ್ನು ಹಿಡಿದು ಹೋರಾಡಿದವರಲ್ಲಿ ಮುಖ್ಯರು ವೈದ್ಯ ಸಿಂಪ್ಸನ್ನರು ಮತ್ತು ಮಲೇರಿಯಾ ಸೊಳ್ಳೆಯ ಗುಟ್ಟನ್ನು ಬಯಲುಮಾಡಿದ ರೊನಾಲ್ಡ್ ರಾಸ್ ಅವರು. ರಾಸರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. 1907ರ ಜುಲೈಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ಸಹಿಹಾಕಿದ ಪತ್ರ ಪ್ರಕಟವಾಯಿತು. ಹಾಫ್‌ಕಿನ್ನರ ಮೇಲಿನ ಆರೋಪ ಸಿದ್ಧವಾಗಿಲ್ಲವೆಂಬುದು ಅದರ ಸಾರಾಂಶ. ಅದೇ ವರ್ಷದ ಕೊನೆಗೆ ಸರಕಾರವು ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು. ದುರಂತ ನಡೆದು ಐದು ವರ್ಷಗಳು ಕಳೆದಿದ್ದವು.

ಕಳಂಕ ತೊಳೆಯಿತೆ?

1908ರಲ್ಲಿ ಹಾಫ್‌ಕಿನ್ನರು ಕಲಕತ್ತೆಗೆ ಮರಳಿದರು. ತಾವೇ ಕಟ್ಟಿದ ಪರೇಲಿನ ಪ್ರಯೋಗಶಾಲೆ ಅವರಿಗೆ ದೊರೆಯಲಿಲ್ಲ. ಹೊಸ ಲಸಿಕೆಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವುದಕ್ಕೂ ಅವಕಾಶ ಕೊಡಲಿಲ್ಲ. ಸೇವೆಯ ಅವಧಿ ಮುಗಿದ ಮೇಲೆ ಯೂರೋಪಿಗೆ ಹೋದರು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಟ್ಟಾಗ ಅವರು ಬದುಕಿದ್ದರೆಂಬುದು ಸಮಾಧಾನದ ಸಂಗತಿ. 1930ರ ಅಕ್ಟೋಬರ್ 26ರಂದು ಸ್ವಿಟ್ಸರ್ಲೆಂಡಿನ ಲೋಸಾನ್ ನಗರದಲ್ಲಿ, ಮಡದಿಮಕ್ಕಳಿಲ್ಲದ ಆ ಏಕಾಂಗಿಯು ಕಣ್ಮುಚ್ಚಿದರು. ಭಾರತದ ಅಂಚೆ ಇಲಾಖೆಯು 1964ರಲ್ಲಿ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿ ಗೌರವಿಸಿತು. ಇಂದು ಪ್ಲೇಗು ಬಂದರೆ ಜೀವಿರೋಧಕ ಔಷಧಗಳಿಂದ ಗುಣಪಡಿಸುತ್ತಾರೆ. ಹಾಫ್‌ಕಿನ್ನರ ಆ ಹಳೆಯ ಲಸಿಕೆಯು ಈಗ ಬಳಕೆಯಲ್ಲಿಲ್ಲ. ಅವರ ಜೀವನದಿಂದ ಕಲಿಯಬೇಕಾದುದು ಮಾತ್ರ ಹಳೆಯದಾಗಿಲ್ಲ.

ಹುಬ್ಬಳ್ಳಿಯ ಜ್ವರವೂ ಮುಲ್ಕೋವಾಲಿನ ಧನುರ್ವಾಯುವೂ ಒಂದೇ ಅಲ್ಲ. ಮೊದಲನೆಯದು ಮದ್ದಿನ ಸ್ವಭಾವಕ್ಕೆ ಸೇರಿದ ಬಾಧೆ. ತಿಳಿದು, ಸಹಿಸಿ, ಕಾದರೆ ಹೋಗತಕ್ಕದ್ದು. ಎರಡನೆಯದು ಕೈಯ ಅಜಾಗ್ರತೆಯಿಂದ ಬಂದ ಅನಾಹುತ. ಈ ಎರಡನ್ನೂ ಬೆರೆಸಿ ಮದ್ದನ್ನೇ ದೂರಿದುದರಿಂದ ಅಂದು ಲಸಿಕೆ ಹಾಕಿಸಿಕೊಳ್ಳಲು ಹಿಂಜರಿದವರೆಷ್ಟೋ, ಪ್ಲೇಗಿಗೆ ತುತ್ತಾದವರೆಷ್ಟೋ. ಆ ಮಾರಿಯಿಂದ ನಮ್ಮ ದೇಶದಲ್ಲಿ ಸತ್ತವರ ಸಂಖ್ಯೆ ಕೋಟಿಯನ್ನು ಮುಟ್ಟಿತು.

ನಮ್ಮ ಅಡಿಗೆಮನೆಗೆ ಈ ಪಾಠ ಹೇಗೆ ಅನ್ವಯಿಸುತ್ತದೆ? ನೆಗಡಿಗೆ, ನವೆಗೆ ಕೊಡುವ ಕೆಲವು ಗುಳಿಗೆಗಳು ನಿದ್ದೆ ಬರಿಸುತ್ತವೆ. ಇದು ಗೊತ್ತಿದ್ದ ಪರಿಣಾಮ. ಅದನ್ನು ನುಂಗಿ ಕಾದ ದೋಸೆಕಲ್ಲಿನ ಮುಂದೆಯೋ ಕುದಿಯುವ ಎಣ್ಣೆಯ ಬಾಣಲೆಯ ಬಳಿಯೋ ನಿಂತರೆ ಅಪಾಯ. ಆದುದರಿಂದ ಗುಳಿಗೆ ಕೊಳ್ಳುವಾಗಲೇ ನಿದ್ದೆ ಬರುವುದೇ ಎಂದು ಕೇಳಬೇಕು. ನೋವಿನ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ ದಿನಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ಜ್ವರದ ಪ್ಯಾರಾಸಿಟಮಾಲ್ ನೆಗಡಿಯ ಗುಳಿಗೆಗಳಲ್ಲಿಯೂ ಬೇರೆ ಹೆಸರಿನಲ್ಲಿ ಅಡಗಿರುತ್ತದೆ. ಎರಡನ್ನೂ ಸೇರಿಸಿ ನುಂಗಿದರೆ ಪ್ರಮಾಣ ಮೀರಿ ಯಕೃತ್ತು ಕೆಡುತ್ತದೆ. ಮದ್ಯದ ಅಭ್ಯಾಸವಿದ್ದವರಿಗೆ ಇನ್ನೂ ಬೇಗ. ಹೆಸರು, ತಯಾರಾದ ದಿನ, ಅವಧಿ ಮುಗಿಯುವ ದಿನ ಇವು ಕಾಣದಂತೆ ಕತ್ತರಿಸಿದ ಪಟ್ಟಿಯನ್ನು ಒಪ್ಪಬಾರದು. ಸೀಸೆಯ ಮೇಲೆ 53 ಎನ್ ಎಂಬ ಗುರುತಿಲ್ಲದಿದ್ದರೆ ಮುಲ್ಕೋವಾಲಿನ ಸಾವುಗಳು ಒಂದೇ ಸೀಸೆಯಿಂದ ಬಂದುವೆಂದು ತಿಳಿಯುವುದೇ ಸಾಧ್ಯವಿರುತ್ತಿರಲಿಲ್ಲ. ಕೆಂಪು ಗೆರೆಯಿರುವ ಪಟ್ಟಿಯ ಮದ್ದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ವೈದ್ಯರು ಹೇಳಿದ ದಿನಗಳಷ್ಟು ಸೇವಿಸಬೇಕು, ಜೊತೆಯವನಿಗೆ ಹಂಚಬಾರದು.

ಮದ್ದು ನುಂಗಿದ ಮೇಲೆ ಮೈತುಂಬ ದದ್ದು ಎದ್ದರೆ, ಮುಖ ತುಟಿಗಳು ಬಾತರೆ, ಉಸಿರು ಕಟ್ಟಿದರೆ ಸಹಿಸಿಕೊಳ್ಳುವ ಮಾತೇ ಇಲ್ಲ, ಮುಂದಿನ ಗುಳಿಗೆಯನ್ನು ಬಿಟ್ಟು, 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಧಾವಿಸಬೇಕು, ಪಟ್ಟಿಯನ್ನು ಜೊತೆಗೊಯ್ಯಬೇಕು. ಆ ಮದ್ದಿನ ಹೆಸರನ್ನು ಬರೆದಿಟ್ಟುಕೊಂಡು ಮುಂದೆ ಕಾಣುವ ಪ್ರತಿಯೊಬ್ಬ ವೈದ್ಯರಿಗೂ ತಿಳಿಸಬೇಕು. ಸಣ್ಣ ಬಾಧೆಯಾದರೂ ವೈದ್ಯರಿಗೆ ಹೇಳಿ ಅವರ ಸಲಹೆ ಪಡೆಯಬೇಕೇ ಹೊರತು ತಾನಾಗಿ ಬಿಡಬಾರದು. ಔಷಧದಿಂದಾದ ತೊಂದರೆಯನ್ನು ರೋಗಿಯೇ ನೇರವಾಗಿ ತಿಳಿಸಲು ಭಾರತ ಸರಕಾರವು 1800-180-3024 ಎಂಬ ಉಚಿತ ದೂರವಾಣಿಯ ವ್ಯವಸ್ಥೆಯನ್ನೂ ಮಾಡಿದೆ. ಒಬ್ಬನು ತಿಳಿಸಿದ ಸಂಗತಿಯು ಹತ್ತು ಮಂದಿಯನ್ನು ಉಳಿಸಬಲ್ಲದು.

ಹಾಫ್‌ಕಿನ್ನರು ತಮ್ಮ ಮೈಯ ಜ್ವರವನ್ನೂ ಉಂಧೇರಾದ ಮೂರು ಸಾವುಗಳನ್ನೂ ಬಚ್ಚಿಡದೆ ಬರೆದಿಟ್ಟರು. ನಾವೂ ನಮ್ಮ ಗುಳಿಗೆಯ ಹೆಸರನ್ನು ಓದಿ, ಕೇಳಿ, ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಬೆಳೆಸಿಕೊಂಡರೆ ಆ ಮಹನೀಯರ ಋಣವನ್ನು ಕಿಂಚಿತ್ತಾದರೂ ತೀರಿಸಿದಂತಾದೀತು. ಪರೇಲಿನ ಆ ಕಟ್ಟಡದ ಮುಂದೆ ಹಾಯುವಾಗ ನಮ್ಮ ಬಂಧುಗಳು ಅವರನ್ನೂ, ಹೆಸರು ಉಳಿಯದ ಆ ಗುಮಾಸ್ತ ಜವಾನರನ್ನೂ, ಮುಲ್ಕೋವಾಲಿನ ಹತ್ತೊಂಬತ್ತು ಬಡಜೀವಗಳನ್ನೂ ಒಮ್ಮೆ ನೆನೆಯಲೆಂದು ಹಾರೈಸುತ್ತೇವೆ.